ಜಲಪರೀಕ್ಷಕಿ ಎಲೆನ್ ರಿಚರ್ಡ್ಸ್

ನೀರು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಕಣ್ಣು, ಮೂಗು, ನಾಲಿಗೆಗಳಿಂದ ತೀರ್ಮಾನಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ವಾಡಿಕೆ. ತಿಳಿಯಾಗಿರಬೇಕು, ವಾಸನೆಯಿರಬಾರದು, ಬಾಯಿಗೆ ಸಿಹಿಯೆನಿಸಬೇಕು, ತೊಗರಿಬೇಳೆ ಅದರಲ್ಲಿ ಬೇಗ ಬೇಯಬೇಕು. ಇಷ್ಟಾದರೆ ಅದು ಕುಡಿಯುವ ನೀರು. ಈ ಪರೀಕ್ಷೆಗಳನ್ನು ನಾನು ಹಗುರವಾಗಿ ಕಾಣುವವನಲ್ಲ. ಬೇಳೆ ಬೇಯದ ನೀರು ಗಡಸು ನೀರೆಂಬುದನ್ನು ರಸಾಯನಶಾಸ್ತ್ರವೂ ಒಪ್ಪುತ್ತದೆ. ಆದರೆ ಕಾಲರವನ್ನೂ ವಿಷಮಶೀತ ಜ್ವರವನ್ನೂ ಹೊತ್ತು ತರುವ ನೀರು ಕನ್ನಡಿಯಂತೆ ತಿಳಿಯಾಗಿರಬಲ್ಲುದು, ಎಳನೀರಿನಂತೆ ಸಿಹಿಯಾಗಿರಬಲ್ಲುದು, ಅದರಲ್ಲಿ ಬೇಳೆಯೂ ಸೊಗಸಾಗಿ ಬೆಂದೀತು. ಕಣ್ಣಿಗೆ ಬೀಳದ ಈ ಕೇಡಿನ ಸುಳಿವನ್ನು ಹಿಡಿಯುವುದಕ್ಕಾಗಿ ಒಂದು ಇಡೀ ಸಂಸ್ಥಾನದ ಕೆರೆ, ಹೊಳೆ, ಬಾವಿಗಳ ನೀರನ್ನು ತಿಂಗಳು ತಿಂಗಳೂ ಪರೀಕ್ಷಿಸಿ ಲೆಕ್ಕ ಬರೆದಿಟ್ಟವರಲ್ಲಿ ಪ್ರಮುಖರು ಅಮೆರಿಕದ ಎಲೆನ್ ಸ್ವಾಲೋ ರಿಚರ್ಡ್ಸ್.

ಗೃಹವಿಜ್ಞಾನವನ್ನು ಓದುವ ನಮ್ಮ ಸಹಪಾಠಿನಿಯರಿಗೆ ಈ ಹೆಸರು ಹೊಸದಲ್ಲದಿರಬಹುದು. ಆ ಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ ಆಕೆ ಅಗ್ರಗಣ್ಯರು. ಉಳಿದವರಿಗೆ ಆಕೆಯ ಪರಿಚಯ ಕಡಿಮೆ. ನಾನು ಇತಿಹಾಸದ ವಿದ್ಯಾರ್ಥಿ. ಸೀಸೆ, ನಳಿಗೆಗಳ ಸಹವಾಸ ನನಗಿಲ್ಲ. ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರು ತಮ್ಮ ಬಿಡುವಿನ ವೇಳೆಯಲ್ಲಿ ಬ್ಯೂರೆಟ್ಟನ್ನು ಹಿಡಿದು ತೋರಿಸಿಕೊಟ್ಟದ್ದರಿಂದ ಮುಂದೆ ಬರುವ ಕೆಲವು ಮಾತುಗಳನ್ನು ಬರೆಯುವ ಧೈರ್ಯ ಬಂದಿತು.

ಎಲೆನ್ ಹುಟ್ಟಿದ್ದು 1842ನೆಯ ಡಿಸೆಂಬರ್ 3ರಂದು, ಮ್ಯಾಸಚೂಸೆಟ್ಸ್ ಸಂಸ್ಥಾನದ ಡನ್‌ಸ್ಟಬಲ್ ಎಂಬ ಹಳ್ಳಿಯಲ್ಲಿ. ತಂದೆ ಪೀಟರ್ ಸ್ವಾಲೋ, ತಾಯಿ ಫ್ಯಾನಿ ಟೇಲರ್, ಇಬ್ಬರೂ ಉಪಾಧ್ಯಾಯರಾಗಿದ್ದವರು. ಒಬ್ಬಳೇ ಮಗಳು. ಮೊದಲ ಪಾಠಗಳೆಲ್ಲ ಮನೆಯಲ್ಲಿಯೇ ಆದವು. ಮಗಳ ಶಾಲೆಗೆ ಅನುಕೂಲವಾಗಲೆಂದು ಸಂಸಾರ 1859ರಲ್ಲಿ ವೆಸ್ಟ್‌ಫರ್ಡ್ ಎಂಬ ಊರಿಗೆ ಬಂದಿತು. ತಂದೆ ಅಲ್ಲಿ ಅಂಗಡಿಯಿಟ್ಟರು. ಹುಡುಗಿ ಓದುತ್ತಿದ್ದಳು, ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುತ್ತಿದ್ದಳು, ಕಾಯಿಲೆಯ ತಾಯಿಗೆ ಶುಶ್ರೂಷೆ ಮಾಡುತ್ತಿದ್ದಳು. ಶಾಲೆ ಮುಗಿದ ಮೇಲೆ ಕಾಲೇಜಿಗೆ ಹೋಗಲು ಹಣವಿಲ್ಲ. ಹೆಣ್ಣುಮಕ್ಕಳನ್ನು ಸೇರಿಸುವ ಕಾಲೇಜುಗಳೂ ವಿರಳ. ಪಾಠ ಹೇಳಿ, ಅವರಿವರ ಮನೆಗೆಲಸ ಮಾಡಿ, ರೋಗಿಗಳನ್ನು ನೋಡಿಕೊಂಡು, ಹಲವು ವರ್ಷಗಳಲ್ಲಿ ಸುಮಾರು 300 ಡಾಲರುಗಳನ್ನು ಕೂಡಿಸಿಕೊಂಡು, 1868ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, ಹೆಂಗಸರಿಗಾಗಿಯೇ ಸ್ಥಾಪಿತವಾಗಿದ್ದ ವಾಸರ್ ಕಾಲೇಜನ್ನು ಸೇರಿದರು. ನಮ್ಮಲ್ಲಿ ಆ ವಯಸ್ಸಿಗೆ ವ್ಯಾಸಂಗವನ್ನು ಮುಗಿಸಿ ಕೆಲಸ ಹುಡುಕುತ್ತಿರುತ್ತೇವೆ.

ವಾಸರ್‌ನಲ್ಲಿ ಆಕೆಗೆ ಇಬ್ಬರು ಗುರುಗಳು ದೊರೆತರು. ಧೂಮಕೇತುವೊಂದನ್ನು ಕಂಡುಹಿಡಿದು ಹೆಸರಾಗಿದ್ದ ಮರಿಯಾ ಮಿಚೆಲ್ ಆಕೆಯನ್ನು ಖಗೋಳದ ಕಡೆಗೆ ಸೆಳೆದರು. ವಿಜ್ಞಾನವೆಂಬುದು ದಿನದ ಬದುಕಿಗೆ ಒದಗಬೇಕೆಂದು ನಂಬಿದ್ದ ಚಾರ್ಲ್ಸ್ ಫ್ಯಾರರ್ ರಸಾಯನದ ಕಡೆಗೆ ಸೆಳೆದರು. ಆಕಾಶ ಸೋತಿತು, ನೆಲ ಗೆದ್ದಿತು. 1870ರಲ್ಲಿ ಪದವಿ ಪಡೆದು, ರಸಾಯನದ ಕೆಲಸ ಕಲಿಯಬೇಕೆಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಗೆ ಅರ್ಜಿ ಹಾಕಿದರು. ಇಂದು ಎಂ.ಐ.ಟಿ. ಎಂದು ಜಗತ್ತೇ ಬಲ್ಲ ಆ ಸಂಸ್ಥೆಯಲ್ಲಿ ಆಗ ಒಬ್ಬ ಹೆಂಗಸೂ ಇರಲಿಲ್ಲ.

ಇಲ್ಲಿ ನಡೆದ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಂಸ್ಥೆಯವರು ಚರ್ಚಿಸಿ, ಆಕೆಯನ್ನು ವಿಶೇಷ ವಿದ್ಯಾರ್ಥಿನಿಯೆಂದು ಸೇರಿಸಿಕೊಳ್ಳಲು ಒಪ್ಪಿದರು. ಶುಲ್ಕ ಕೊಡಬೇಕಾಗಿಲ್ಲವೆಂದೂ ತಿಳಿಸಿದರು. ಬಡವಳೆಂದು ಕನಿಕರಿಸಿ ಹೀಗೆ ಮಾಡಿದರೆಂದು ಎಲೆನ್ ಸಂತೋಷಪಟ್ಟರು. ನಿಜವಾದ ಕಾರಣ ಬಹಳ ಕಾಲದ ನಂತರ ತಿಳಿದುಬಂದಿತು. ಹೆಂಗಸನ್ನು ಸೇರಿಸಿಕೊಂಡದ್ದಕ್ಕೆ ಯಾರಾದರೂ ಆಕ್ಷೇಪಿಸಿದರೆ, ಶುಲ್ಕ ಕೊಡದವಳಾದ್ದರಿಂದ ಆಕೆ ನಮ್ಮ ವಿದ್ಯಾರ್ಥಿನಿಯೇ ಅಲ್ಲವೆಂದು ಅಧ್ಯಕ್ಷರು ಹೇಳಿ ಪಾರಾಗಲು ಅನುಕೂಲವಿರಲಿ ಎಂಬುದೇ ಆ ಔದಾರ್ಯದ ಗುಟ್ಟು! ಮೊದಲೇ ತಿಳಿದಿದ್ದರೆ ತಾವು ಅಲ್ಲಿಗೆ ಕಾಲಿಡುತ್ತಿರಲಿಲ್ಲವೆಂದು ಆಕೆ ಆಮೇಲೆ ಹೇಳಿಕೊಂಡರಂತೆ. ತಿಳಿಯದೆ ಇದ್ದದ್ದೇ ಲೇಸಾಯಿತೆಂದು ನನಗೆ ತೋರುತ್ತದೆ.

ಸೇರಿದ್ದು 1871ರ ಜನವರಿಯಲ್ಲಿ. ಕೆಲವೇ ತಿಂಗಳಲ್ಲಿ ತಂದೆ ರೈಲು ಅಪಘಾತದಲ್ಲಿ ತೀರಿಕೊಂಡರು. ವಿಧವೆ ತಾಯಿಯ ಭಾರ ಹೆಗಲಿಗೆ ಬಿತ್ತು. ಓದು ನಿಲ್ಲಲಿಲ್ಲ. ಪ್ರಯೋಗಶಾಲೆಯಲ್ಲಿ ತಮ್ಮ ಇರವು ಯಾರ ಕಣ್ಣಿಗೂ ಚುಚ್ಚದಂತೆ, ಸೂಜಿ ದಾರ ಕತ್ತರಿಗಳನ್ನು ಇಟ್ಟುಕೊಂಡು, ಬೇಕೆಂದವರಿಗೆ ಒದಗಿಸುತ್ತ, ಎಲ್ಲರಿಗೂ ಬೇಕಾದವರಾಗಿ ಆಕೆ ನಡೆದುಕೊಂಡರು. ಇದು ಜಾಣತನವೋ ಅಥವಾ ತಲೆ ತಗ್ಗಿಸಿದ್ದೋ ಎಂದು ಇಂದಿನ ಓದುಗರು ವಾದಿಸಬಹುದು. ಬಾಗಿಲು ಒಂದು ಗೇಣು ಮಾತ್ರ ತೆರೆದಿದ್ದಾಗ ಒಳಗೆ ನುಸುಳುವವರು ಮೈಯನ್ನು ಹಿಡಿಮಾಡಿಕೊಳ್ಳದೆ ಗತಿಯಿಲ್ಲ. 1873ರಲ್ಲಿ ಆ ಸಂಸ್ಥೆಯ ಪದವಿಯನ್ನು ಪಡೆದ ಪ್ರಥಮ ಮಹಿಳೆಯೆನಿಸಿದರು. ಕಬ್ಬಿಣದ ಅದುರಿನಲ್ಲಿರುವ ವೆನೇಡಿಯಂ ಎಂಬ ಧಾತುವನ್ನು ಕುರಿತು ಬರೆದ ಪ್ರಬಂಧಕ್ಕಾಗಿ ವಾಸರ್ ಕಾಲೇಜು ಅದೇ ವರ್ಷ ಎಂ.ಎ. ಪದವಿಯನ್ನು ಕೊಟ್ಟಿತು. ಡಾಕ್ಟರ್ ಪದವಿಗೆ ಬೇಕಾದ ಕೆಲಸವನ್ನು ಮುಂದುವರಿಸಿದರೂ ಅದು ಮಾತ್ರ ದೊರೆಯಲಿಲ್ಲ.

ಆಕೆಯ ಕೈಗೆ ಮೊದಲು ನೀರಿನ ಸೀಸೆ ಬಂದದ್ದು ವಿದ್ಯಾರ್ಥಿನಿಯಾಗಿದ್ದಾಗಲೇ. ಮ್ಯಾಸಚೂಸೆಟ್ಸ್ ಸಂಸ್ಥಾನದವರು 1869ರಲ್ಲಿ ಒಂದು ಆರೋಗ್ಯ ಮಂಡಲಿಯನ್ನು ಸ್ಥಾಪಿಸಿದ್ದರು. ಗಿರಣಿಗಳು ಬೆಳೆಯುತ್ತಿದ್ದ ಊರುಗಳು ತಮ್ಮ ಕೊಳಕನ್ನೆಲ್ಲ ಹೊಳೆಗೆ ಬಿಡುತ್ತಿದ್ದವು. ಅದೇ ಹೊಳೆಯಿಂದ ಕೆಳಗಿನ ಊರು ಕುಡಿಯುತ್ತಿತ್ತು. ಈ ನೀರಿನ ಪರೀಕ್ಷೆಯ ಕೆಲಸ ವಿಲಿಯಂ ರಿಪ್ಲಿ ನಿಕಲ್ಸ್ ಎಂಬ ಪ್ರಾಧ್ಯಾಪಕರಿಗೆ ಬಂದಾಗ, ಅವರು ಎಲೆನ್‌ರನ್ನು ಸಹಾಯಕ್ಕೆ ತೆಗೆದುಕೊಂಡರು. ಪರೀಕ್ಷೆಗಳಲ್ಲಿ ಬಹುಪಾಲನ್ನು ನಡೆಸಿದವರು ಆಕೆಯೇ.

1875ರಲ್ಲಿ ಗಣಿಶಾಸ್ತ್ರದ ಪ್ರಾಧ್ಯಾಪಕ ರಾಬರ್ಟ್ ರಿಚರ್ಡ್ಸರೊಡನೆ ವಿವಾಹವಾಯಿತು. ಮದುವೆಯಾದ ಹೊಸದರಲ್ಲಿ ದಂಪತಿಗಳು ಹೊರಟದ್ದು ನೋವಾ ಸ್ಕೋಷಿಯಾದ ಗಣಿಗಳಿಗೆ, ಜೊತೆಯಲ್ಲಿ ವರನ ಶಿಷ್ಯವೃಂದ! ಮದುಮಗಳು ದಪ್ಪ ಬೂಟುಗಳನ್ನು ತೊಟ್ಟು ಗಣಿಯೊಳಗೆ ಇಳಿದರು. ಪತಿಯ ಸಂಬಳದಿಂದ ಸಂಸಾರ ನಡೆಯುವಂತಾದದ್ದರಿಂದ ಆಕೆ ಸಂಬಳವಿಲ್ಲದ ಕೆಲಸಗಳಿಗೆ ಧಾರಾಳವಾಗಿ ಕೈಹಾಕಿದರು. 1876ರಲ್ಲಿ ಅದೇ ವಿದ್ಯಾಸಂಸ್ಥೆಯಲ್ಲಿ ಹೆಂಗಸರಿಗಾಗಿ ಒಂದು ಪ್ರಯೋಗಶಾಲೆ ತೆರೆಯಿತು. ಆಕೆ ಅಲ್ಲಿ ಪುಕ್ಕಟೆಯಾಗಿ ದುಡಿದದ್ದಲ್ಲದೆ ಕೈಯಿಂದ ಹಣವನ್ನೂ ಹಾಕುತ್ತಿದ್ದರು. ಹೆಂಗಸರನ್ನು ಎಲ್ಲರಂತೆಯೇ ಸೇರಿಸಿಕೊಳ್ಳಲು ಸಂಸ್ಥೆ ಒಪ್ಪಿದ ಮೇಲೆ 1883ರಲ್ಲಿ ಅದು ಮುಚ್ಚಿತು. ಮರುವರ್ಷ ಆರೋಗ್ಯ ರಸಾಯನಶಾಸ್ತ್ರಕ್ಕಾಗಿ ಹೊಸ ಪ್ರಯೋಗಶಾಲೆ ಏರ್ಪಟ್ಟು, ಆಕೆ ಅಲ್ಲಿ ಬೋಧಕಿಯಾಗಿ ನೇಮಕಗೊಂಡರು.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. 1886ರಲ್ಲಿ ಸಂಸ್ಥಾನದ ಶಾಸನಸಭೆ ಒಳನಾಡಿನ ನೀರಿನ ಶುದ್ಧತೆಯನ್ನು ಕಾಪಾಡುವ ಹೊಣೆಯನ್ನು ಆರೋಗ್ಯ ಮಂಡಲಿಗೆ ಒಪ್ಪಿಸಿತು. ಕಾಪಾಡಬೇಕಾದರೆ ಮೊದಲು ಏನಿದೆಯೆಂದು ತಿಳಿಯಬೇಕಷ್ಟೆ. 1887ರಲ್ಲಿ ಸಂಸ್ಥಾನದ ಎಲ್ಲ ಕುಡಿಯುವ ನೀರಿನ ಪರೀಕ್ಷೆ ಪ್ರಾರಂಭವಾಯಿತು. ನಿಕಲ್ಸರು ಅಷ್ಟರಲ್ಲಿ ತೀರಿಹೋಗಿದ್ದರು. ಅವರ ಸ್ಥಾನಕ್ಕೆ ಥಾಮಸ್ ಡ್ರೌನ್ ಬಂದಿದ್ದರು. ಕಾರ್ಯದ ನಿರ್ದೇಶಕರು ಡ್ರೌನ್. ಪ್ರಯೋಗಶಾಲೆಯನ್ನು ನಡೆಸಿದವರು ಎಲೆನ್. ಎರಡು ವರ್ಷಗಳ ಕಾಲ ಮೂಲೆಮೂಲೆಗಳಿಂದ ಪ್ರತಿ ತಿಂಗಳೂ ಸೀಸೆಗಳು ಬರುತ್ತಿದ್ದವು. ಆಕೆಯ ಕೈಕೆಳಗೆ ಪರೀಕ್ಷಿತವಾದ ಮಾದರಿಗಳು 20,000ಕ್ಕೂ ಮಿಕ್ಕಿದವು.

ಸಂಖ್ಯೆಯನ್ನು ಓದಿ ಮುಂದೆ ಹೋಗುವುದು ಸುಲಭ. ಒಂದೊಂದು ಸೀಸೆಗೆ ಎಷ್ಟು ಕೆಲಸವೆಂಬುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಮೊದಲು ಬಣ್ಣ, ವಾಸನೆ. ಆಮೇಲೆ ನೀರನ್ನು ಆವಿಯಾಗಿಸಿ ಉಳಿಯುವ ಗಸಿಯ ತೂಕ. ಅನಂತರ ಅಮೋನಿಯ, ನೈಟ್ರೈಟು, ನೈಟ್ರೇಟು, ಗಡಸುತನ, ಉಪ್ಪು. ಅಮೋನಿಯವನ್ನು ಅಳೆಯುವುದು ನೆಸ್ಲರ್ ಎಂಬುವನ ದ್ರಾವಣದಿಂದ. ಅದನ್ನು ಬೆರೆಸಿದರೆ ನೀರು ಹಳದಿಗೆ ತಿರುಗುತ್ತದೆ. ಆ ಹಳದಿಯ ಗಾಢತೆಯನ್ನು, ಮೊದಲೇ ಸಿದ್ಧಪಡಿಸಿದ ನಳಿಗೆಗಳ ಸಾಲಿನೊಡನೆ ಹೋಲಿಸಿ, ಬರಿಗಣ್ಣಿನಿಂದ ನಿರ್ಣಯಿಸಬೇಕು. ಸಾವಿರ ಸೀಸೆಗಳಾದ ಮೇಲೂ ಕಣ್ಣು ಬೇಸರಪಡಬಾರದು. ತಡಮಾಡುವಂತೆಯೂ ಇಲ್ಲ, ನೀರನ್ನು ಇಟ್ಟಷ್ಟೂ ಅದರೊಳಗಿನ ಅಮೋನಿಯದ ಪ್ರಮಾಣ ಬದಲಾಗುತ್ತ ಹೋಗುತ್ತದೆ.

ಈ ಅಂಕಿಗಳು ಹೇಳುವ ಕಥೆಯಾದರೂ ಏನು? ಮನುಷ್ಯರ, ಪ್ರಾಣಿಗಳ ಹೊಲಸು ನೀರಿಗೆ ಸೇರಿದಾಗ ಅದು ಕೊಳೆತು ಮೊದಲು ಅಮೋನಿಯವಾಗುತ್ತದೆ. ಗಾಳಿಯ ಸಂಪರ್ಕದಲ್ಲಿ ಅದು ನೈಟ್ರೈಟಾಗಿ, ಕೊನೆಗೆ ನೈಟ್ರೇಟಾಗಿ ಮಾರ್ಪಡುತ್ತದೆ. ಆದ್ದರಿಂದ ಅಮೋನಿಯ ಹೆಚ್ಚಿದ್ದರೆ ಹೊಲಸು ಹೊಸದಾಗಿ ಸೇರಿದೆ, ನೈಟ್ರೇಟು ಹೆಚ್ಚಿದ್ದರೆ ಹಿಂದೆಂದೋ ಸೇರಿದೆ ಎಂದು ಊಹಿಸಬಹುದು. ಆದರೆ ಗಿಡಮರಗಳ ಎಲೆ ಕೊಳೆತರೂ ಅಮೋನಿಯ ಬರುತ್ತದೆ. ನೈಟ್ರೇಟನ್ನು ಪಾಚಿ ತಿಂದುಬಿಡುತ್ತದೆ. ಸಾಕ್ಷಿಗಳು ಇವೆ, ಆದರೆ ನಂಬಿಕಸ್ತರಲ್ಲ.

ನಂಬಿಕಸ್ತ ಸಾಕ್ಷಿಯೊಂದು ನಮ್ಮ ಅಡಿಗೆಮನೆಯಲ್ಲಿಯೇ ಇದೆ: ಉಪ್ಪು. ನಾವು ತಿಂದ ಉಪ್ಪು ಬಹುಮಟ್ಟಿಗೆ ಮೂತ್ರದ ಮೂಲಕ ಹೊರಕ್ಕೆ ಹೋಗುತ್ತದೆ. ಅದು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಮಣ್ಣಿನಲ್ಲಿ ಇಂಗಿದರೂ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಬಚ್ಚಲಗುಂಡಿಯಿಂದ ಬಾವಿಗೆ ನೀರು ಒಸರುವಾಗ ಮಣ್ಣು ಅದನ್ನು ಸೋಸಿ ತಿಳಿಗೊಳಿಸಿದರೂ ಉಪ್ಪು ಮಾತ್ರ ಬಾವಿಯನ್ನು ಸೇರಿಯೇ ಸೇರುತ್ತದೆ. ಅದನ್ನು ಅಳೆಯುವುದೂ ಕಷ್ಟವಲ್ಲ. ನೀರಿಗೆ ಪೊಟಾಸಿಯಂ ಕ್ರೋಮೇಟಿನ ಕೆಲವು ಹನಿ ಬೆರೆಸಿ, ಬ್ಯೂರೆಟ್ಟಿನಿಂದ ಸಿಲ್ವರ್ ನೈಟ್ರೇಟನ್ನು ಬಿಡುತ್ತ ಹೋದರೆ, ಕ್ಲೋರೈಡು ಮುಗಿದ ಗಳಿಗೆಯಲ್ಲಿ ಹಳದಿ ನೀರು ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ಈ ಪ್ರಯೋಗವನ್ನು ನಮ್ಮ ಬಿ.ಎಸ್‌ಸಿ. ತರಗತಿಯವರು ಅಂಕಗಳಿಗಾಗಿ ಮಾಡುತ್ತಾರೆ.

ಆದರೆ ಒಂದು ತೊಡಕಿತ್ತು. ಮ್ಯಾಸಚೂಸೆಟ್ಸ್ ಕಡಲ ತೀರದ ಸಂಸ್ಥಾನ. ಕಡಲಿನ ಮೇಲೆ ಬೀಸುವ ಗಾಳಿ ಉಪ್ಪಿನ ಕಣಗಳನ್ನು ಹೊತ್ತು ತಂದು ಮಳೆಯೊಡನೆ ಸುರಿಸುತ್ತದೆ. ಆದ್ದರಿಂದ ನೀರಿನಲ್ಲಿ ಉಪ್ಪಿದ್ದ ಮಾತ್ರಕ್ಕೆ ಕೊಳಕೆನ್ನುವಂತಿಲ್ಲ. ಎಷ್ಟು ಉಪ್ಪು ಕಡಲಿನದು, ಎಷ್ಟು ಮನುಷ್ಯನದು ಎಂದು ಬೇರ್ಪಡಿಸುವುದು ಹೇಗೆ? ಮನೆಮಾರುಗಳಿಂದ ದೂರವಾದ ಕೆರೆ ಚಿಲುಮೆಗಳ ಅಂಕಿಗಳನ್ನು ಆರಿಸಿ, ಅವುಗಳನ್ನು ಭೂಪಟದ ಮೇಲೆ ಗುರುತು ಮಾಡಿದಾಗ ಆಶ್ಚರ್ಯಕರವಾದ ಕ್ರಮವೊಂದು ಕಾಣಿಸಿತು. ತೀರದಲ್ಲಿ ಉಪ್ಪು ಹೆಚ್ಚು. ಒಳಕ್ಕೆ ಹೋದಂತೆಲ್ಲ ಕಡಿಮೆಯಾಗುತ್ತ, ಪಶ್ಚಿಮದ ಗುಡ್ಡಗಳಲ್ಲಿ ಲೀಟರಿಗೆ ಒಂದು ಮಿಲಿಗ್ರಾಮಿನ ಆಸುಪಾಸಿಗೆ ಇಳಿಯುತ್ತಿತ್ತು. ಸಮಾನವಾದ ಅಂಕಿಗಳನ್ನು ಗೆರೆಗಳಿಂದ ಸೇರಿಸಿದಾಗ ಆ ಗೆರೆಗಳು ಹೆಚ್ಚುಕಡಿಮೆ ಕಡಲತೀರವನ್ನೇ ಅನುಸರಿಸಿ ಸಾಗಿದವು. ಇದೇ ಸಹಜ ಕ್ಲೋರೀನಿನ ನಕ್ಷೆಯೆಂದು ಪ್ರಸಿದ್ಧವಾದದ್ದು. ಕ್ಲೋರೀನೆಂದರೆ ಇಲ್ಲಿ ನೀರಿನಲ್ಲಿ ಕರಗಿದ ಉಪ್ಪಿನ ಅಂಶವೇ ಹೊರತು, ಇಂದು ನಲ್ಲಿ ನೀರಿಗೆ ಬೆರೆಸುವ ಕ್ಲೋರೀನಲ್ಲ.

ನಕ್ಷೆಯ ಪ್ರಯೋಜನ ಸ್ಪಷ್ಟ. ಯಾವುದಾದರೂ ಊರಿನ ಬಾವಿಯಲ್ಲಿ, ಆ ಜಾಗದ ಗೆರೆ ಹೇಳುವುದಕ್ಕಿಂತ ಉಪ್ಪು ಹೆಚ್ಚಾಗಿದ್ದರೆ, ಆ ಹೆಚ್ಚಳ ಮೇಲಿನಿಂದ ಬಂದದ್ದಲ್ಲ, ಪಕ್ಕದ ಮನೆಯಿಂದ ಬಂದದ್ದು. ನೀರು ಎಷ್ಟೇ ತಿಳಿಯಾಗಿರಲಿ, ಎಲ್ಲಿಯೋ ಹೊಲಸಿಗೂ ಬಾವಿಗೂ ದಾರಿ ಬಿದ್ದಿದೆ; ಇಂದು ರೋಗ ಬಾರದಿದ್ದರೂ ನಾಳೆ ಬರಲು ಆ ದಾರಿ ತೆರೆದಿದೆ. ಇದೇ ಬಗೆಯ ನಕ್ಷೆಯನ್ನು ಅಮೆರಿಕದ ಭೂವಿಜ್ಞಾನ ಇಲಾಖೆಯವರು 1905ರಲ್ಲಿ ನ್ಯೂಯಾರ್ಕ್ ಮತ್ತು ಸುತ್ತಣ ಸಂಸ್ಥಾನಗಳಿಗೆಲ್ಲ ಪ್ರಕಟಿಸಿದರು. ಈಗ ಅಲ್ಲಿ ಚಳಿಗಾಲದ ಹಿಮವನ್ನು ಕರಗಿಸಲು ರಸ್ತೆಗಳಿಗೆ ರಾಶಿ ರಾಶಿ ಉಪ್ಪು ಸುರಿಯುವುದರಿಂದ ಆ ಹಳೆಯ ಗೆರೆಗಳು ಅಳಿಸಿಹೋಗಿವೆ. ನೀರು ಒಂದು ಕಾಲದಲ್ಲಿ ಹೇಗಿತ್ತೆಂದು ತಿಳಿಯಬೇಕಾದರೆ ಆ ಹಳೆಯ ಲೆಕ್ಕವನ್ನೇ ತೆಗೆದು ನೋಡಬೇಕಾಗಿದೆ.

ಈ ನಕ್ಷೆಯ ಕೀರ್ತಿ ಯಾರಿಗೆ ಸಲ್ಲಬೇಕೆಂಬ ವಿಷಯದಲ್ಲಿ ಕೆಲವರು ಎಲ್ಲವನ್ನೂ ಎಲೆನ್‌ರಿಗೆ ಕೊಡುತ್ತಾರೆ, ಕೆಲವರು ಡ್ರೌನರ ಹೆಸರನ್ನು ಮುಂದಿಡುತ್ತಾರೆ. ಇಬ್ಬರ ಶ್ರಮವೂ ಅದರಲ್ಲಿದೆಯೆಂಬುದೇ ನ್ಯಾಯವಾದ ಮಾತು. ಯಾರ ಕಲ್ಪನೆಯಾದರೂ ಆಗಲಿ, ಸೀಸೆಗಳು ಹಾದುಹೋದದ್ದು ಎಲೆನ್‌ರ ಮೇಜಿನ ಮೇಲೆ. ಅಂಕಿಯೊಂದು ತಪ್ಪಿದ್ದರೂ ಗೆರೆ ಸೊಟ್ಟಗಾಗುತ್ತಿತ್ತು.

ಉಪ್ಪಿನ ಲೆಕ್ಕ ಎಲ್ಲವನ್ನೂ ಹೇಳಲಾರದೆಂಬುದಕ್ಕೆ ಪಕ್ಕದಲ್ಲಿಯೇ ನಿದರ್ಶನವಿತ್ತು. ಮೆರಿಮ್ಯಾಕ್ ನದಿಯ ದಡದಲ್ಲಿ ಮೇಲೆ ಲೋವೆಲ್, ಕೆಳಗೆ ಲಾರೆನ್ಸ್, ಎರಡೂ ಗಿರಣಿಯ ಊರುಗಳು. ಎರಡೂ ನದಿಯ ನೀರನ್ನೇ ಕುಡಿಯುತ್ತಿದ್ದವು. 1890-91ರ ಚಳಿಗಾಲದಲ್ಲಿ ಲೋವೆಲ್ಲಿನಲ್ಲಿ ವಿಷಮಶೀತ ಜ್ವರ ಹಬ್ಬಿತು. ಹಿಂದೆಯೇ ಲಾರೆನ್ಸಿನಲ್ಲಿಯೂ ಕಾಣಿಸಿಕೊಂಡಿತು. ದೊಡ್ಡ ನದಿಯ ಪ್ರವಾಹದಲ್ಲಿ ಹೊಲಸಿನ ಉಪ್ಪು ಕಲಸಿಹೋಗಿ ಕಾಣದಷ್ಟಾಗುತ್ತದೆ. ರೋಗದ ಕ್ರಿಮಿಗೆ ಮಾತ್ರ ಅಷ್ಟೇ ಸಾಕು. ಎಲೆನ್‌ರ ಸಹೋದ್ಯೋಗಿ, ಜೀವಶಾಸ್ತ್ರದ ವಿಲಿಯಂ ಸೆಡ್ಜ್‌ವಿಕ್, ಮನೆಮನೆ ವಿಚಾರಿಸಿ ರೋಗದ ಜಾಡನ್ನು ನದಿಗೆ ಮುಟ್ಟಿಸಿದರು. 1893ರಲ್ಲಿ ಲಾರೆನ್ಸಿನಲ್ಲಿ ಮರಳಿನ ಮೂಲಕ ನೀರನ್ನು ಸೋಸುವ ದೊಡ್ಡ ಕಟ್ಟೆ ಸಿದ್ಧವಾಯಿತು. ಜ್ವರದ ಸಾವುಗಳು ಬಹುಬೇಗ ಇಳಿದವು. ರಸಾಯನಶಾಸ್ತ್ರ, ಕ್ರಿಮಿಶಾಸ್ತ್ರ, ಎಂಜಿನಿಯರಿಂಗು ಈ ಮೂರೂ ಒಂದೇ ನೊಗಕ್ಕೆ ಹೆಗಲು ಕೊಟ್ಟದ್ದು ಅಲ್ಲಿ.

ಆಕೆಯ ಉಳಿದ ಚಟುವಟಿಕೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1890ರಲ್ಲಿ ಬಾಸ್ಟನ್ನಿನ ಬಡವರಿಗೆ ಪುಷ್ಟಿಕರವಾದ ಊಟವನ್ನು ಅಗ್ಗವಾಗಿ ಒದಗಿಸುವ ಪಾಕಶಾಲೆಯೊಂದನ್ನು ತೆರೆದರು. 1893ರ ಷಿಕಾಗೋ ಪ್ರದರ್ಶನದಲ್ಲಿಯೂ ಅಂಥದೊಂದನ್ನು ನಡೆಸಿದರು. 1899ರಿಂದ ಲೇಕ್ ಪ್ಲಾಸಿಡ್ ಎಂಬಲ್ಲಿ ಸೇರಿದ ಸಮ್ಮೇಳನಗಳ ಫಲವಾಗಿ 1908ರಲ್ಲಿ ಅಮೆರಿಕದ ಗೃಹವಿಜ್ಞಾನ ಸಂಘ ಸ್ಥಾಪಿತವಾಗಿ, ಆಕೆ ಅದರ ಮೊದಲ ಅಧ್ಯಕ್ಷೆಯಾದರು. ಗೃಹವಿಜ್ಞಾನವೆಂದರೆ ಹೊಲಿಗೆ, ಅಡಿಗೆಯೆಂದು ಮೂಗು ಮುರಿಯುವ ಗೆಳೆಯರು ನಮ್ಮಲ್ಲಿದ್ದಾರೆ. ಅದನ್ನು ಕಟ್ಟಿದಾಕೆ ಗಣಿಗೆ ಇಳಿದವರು, ಅದುರನ್ನು ಕರಗಿಸಿ ನೋಡಿದವರು ಎಂಬುದನ್ನು ಅವರು ತಿಳಿದಿರುವುದು ಒಳ್ಳೆಯದು.

ನಮ್ಮ ನಾಡಿಗೆ ಆ ನಕ್ಷೆಯನ್ನು ಹಾಗೆಯೇ ತಂದು ಹಾಸಲಾಗದು. ಮಂಗಳೂರಿನ ಬಾವಿಗೂ ಚಿತ್ರದುರ್ಗದ ಕೊಳವೆಬಾವಿಗೂ ಇರುವ ವ್ಯತ್ಯಾಸ ಕಡಲಿನಿಂದ ಇರುವ ದೂರವೊಂದರಿಂದಲೇ ಬಂದದ್ದಲ್ಲ. ಬಯಲುಸೀಮೆಯಲ್ಲಿ ಕಲ್ಲಿನಿಂದ ಕರಗಿ ಬರುವ ಲವಣಗಳೂ, ಬಿಸಿಲಿಗೆ ನೀರು ಆರಿ ಗಟ್ಟಿಯಾಗುವುದೂ ಲೆಕ್ಕಕ್ಕೆ ಬರುತ್ತವೆ. ಪಾವಗಡ, ಕೋಲಾರಗಳ ಕಡೆ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡಂತೂ ಮನುಷ್ಯನ ಹೊಲಸಿನಿಂದ ಬಂದದ್ದೇ ಅಲ್ಲ. ಆದರೆ ನಕ್ಷೆಯ ಹಿಂದಿರುವ ವಿವೇಕ ಎಲ್ಲ ಊರಿಗೂ ಸಲ್ಲುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಕ್ಲೋರೈಡು ಲೀಟರಿಗೆ 250 ಮಿಲಿಗ್ರಾಮಿನವರೆಗೆ ಇರಬಹುದು. ಒಂದು ಬಾವಿಯಲ್ಲಿ ವರ್ಷಗಳಿಂದ 20 ಇದ್ದದ್ದು ಈ ವರ್ಷ 120 ಆಯಿತೆನ್ನಿ. ಮಾನಕವನ್ನು ಮಾತ್ರ ನೋಡುವವನು ಸರಿಯಾಗಿದೆಯೆಂದು ರುಜು ಹಾಕುತ್ತಾನೆ. ಹಿಂದಿನ ಲೆಕ್ಕವನ್ನು ಇಟ್ಟವನು ಮಾತ್ರ ಹತ್ತಿರದಲ್ಲಿ ಯಾವ ಗುಂಡಿ ತೋಡಿದರು, ಯಾವ ಚರಂಡಿ ಒಡೆಯಿತು ಎಂದು ಹುಡುಕಲು ಹೊರಡುತ್ತಾನೆ. ನಮ್ಮೂರುಗಳಲ್ಲಿ ನೀರಿನ ಪರೀಕ್ಷೆ ಸಾಮಾನ್ಯವಾಗಿ ಜನ ಮಲಗಿದ ಮೇಲೆ ಚುರುಕಾಗುತ್ತದೆ. ವಾಂತಿಭೇದಿಯಿಲ್ಲದ ತಿಂಗಳಿನ ಅಂಕಿಯೇ ಹೆಚ್ಚು ಬೆಲೆಯುಳ್ಳದ್ದೆಂಬುದನ್ನು ಬಾಸ್ಟನ್ನಿನ ಆ ಪ್ರಯೋಗಶಾಲೆ 1887ರಲ್ಲಿಯೇ ಅರಿತಿತ್ತು.

ಸ್ಮಿತ್ ಕಾಲೇಜಿನವರು 1910ರಲ್ಲಿ ಆಕೆಗೆ ಗೌರವ ಡಾಕ್ಟರ್ ಪದವಿಯನ್ನಿತ್ತರು. ಮರುವರ್ಷ, 1911ರ ಮಾರ್ಚ್ 30ರಂದು, ತಮ್ಮ 68ನೆಯ ವಯಸ್ಸಿನಲ್ಲಿ, ಹೃದಯದ ಬೇನೆಯಿಂದ ಬಾಸ್ಟನ್ನಿನ ಜಮೈಕಾ ಪ್ಲೇನ್ ಎಂಬ ಬಡಾವಣೆಯ ತಮ್ಮ ಮನೆಯಲ್ಲಿ ತೀರಿಕೊಂಡರು. 1884ರಲ್ಲಿ ಬೋಧಕಿಯಾಗಿ ನೇಮಕಗೊಂಡಿದ್ದ ಆಕೆ ಪ್ರಾಧ್ಯಾಪಕಿಯಾಗಲಿಲ್ಲ. ತೀರಿಕೊಂಡಾಗಲೂ ಸಂಸ್ಥೆಯ ಪಟ್ಟಿಯಲ್ಲಿ ಬೋಧಕಿಯೆಂದೇ ಇದ್ದರು.